ಪುಸ್ತಕದೊಳಗಿನ ರಾಗಿ ಹಿಟ್ಟು

ನನ್ನ ಮೇಜಿನ ಮೇಲೊಂದು ಹಳೆಯ ಕಾದಂಬರಿ ಇದೆ. ಅದನ್ನು ತೆರೆದರೆ ನನಗೆ ಸೀನು ಬರುತ್ತದೆ. ಒಂದಲ್ಲ, ಹೇಳಿ ಕಳಿಸಿದಂತೆ ಮೂರು. ಮಹಾಕೃತಿಯನ್ನು ಓದುವಾಗ ಕೆಲವರಿಗೆ ಮೈ ನವಿರೇಳುತ್ತದೆಯಂತೆ, ಕೆಲವರಿಗೆ ಕಣ್ಣು ತುಂಬುತ್ತದೆಯಂತೆ. ನನ್ನ ವಿಷಯದಲ್ಲಿ ಕೃತಿಯ ಪರಿಣಾಮವೆಲ್ಲ ಮೂಗಿನ ಮೇಲೆ.

ಸೀನು ಬಂದರೆ ಸೀನಿ ಸುಮ್ಮನಾಗುವವರು ಪುಣ್ಯವಂತರು. ನಾನು ಆ ಪೈಕಿಯವನಲ್ಲ. ಅನ್ನಪೂರ್ಣೇಶ್ವರಿ ನಗರದ ಮನೆಗೆ ಬೀಗ ಹಾಕಿ ಸುಂಕದಕಟ್ಟೆಯವರೆಗೆ ಹೋದವನು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದು, ಆರಿಸಿದ್ದನ್ನು ಕಣ್ಣಾರೆ ಕಂಡು, ಮತ್ತೆ ಸುಂಕದಕಟ್ಟೆ ತಲುಪಿದ ಮೇಲೆ, ಗ್ಯಾಸ್ ನೋಡಲು ತೆಗೆದ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಎರಡನೆಯ ಸಲ ವಾಪಸು ಬಂದವನು. ಅಂಥವನಿಗೆ ಮೂರು ಸೀನೆಂದರೆ ಸಣ್ಣ ಮಾತೇ? ಡಾಕ್ಟರ ಹತ್ತಿರ ಹೋದೆ. ಅವರು ‘ಹಳೇ ಕಾಗದದ ಧೂಳು ಸಾರ್, ಓದೋದು ಬಿಡಿ’ ಎಂದರು. ಕನ್ನಡ ಮೇಷ್ಟ್ರಿಗೆ ಕೊಡುವ ಸಲಹೆಯೇ ಇದು? ಬಿಡಲಿಲ್ಲ. ಕೊನೆಗೆ ನನ್ನ ಹೆಂಡತಿ ಶಾರದೆ ಒಂದು ದಿನ ಆ ಪುಸ್ತಕದ ನಡುವೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು ತೀರ್ಪು ಕೊಟ್ಟಳು.

“ಇದು ಧೂಳಲ್ಲ ಕಣ್ರೀ, ರಾಗಿ ಹಿಟ್ಟು. ಅದೂ ನುಣ್ಣಗೆ ಬೀಸಿಲ್ಲ, ತರಿ ತರಿ ಇದೆ.”

“ಕಾದಂಬರಿಯೊಳಗೆ ರಾಗಿ ಹಿಟ್ಟು ಯಾಕೆ ಬರುತ್ತೆ?”

“ಅದನ್ನ ನೀವು ಹೇಳ್ಬೇಕು. ವಿಮರ್ಶಕರು ನೀವೋ ನಾನೋ?”

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಗಡಿ ರಸ್ತೆಯ ಪಕ್ಕದ ಒಂದು ಪದವಿ ಕಾಲೇಜಿನಲ್ಲಿ ಇಪ್ಪತ್ತೈದು ವರ್ಷಗಳಿಂದ ಪಾತ್ರಗಳ ಮನಸ್ಸನ್ನು ಬಗೆದು ತೋರಿಸುತ್ತ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಕಾಣುವ ಕಣ್ಣು ನನಗಿದೆ ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಇದ್ದದ್ದು ಕಾಣಲಿಲ್ಲ, ಅಷ್ಟೆ.

ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಪಾಟಿನಿಂದ ತೆಗೆದು, ನನ್ನ ಲೇಖನಗಳ ಜೊತೆ ತಾಳೆ ನೋಡುತ್ತೀರಿ. ಕಥೆ ಮಾತ್ರ ಹೇಳುತ್ತೇನೆ. ಒಂದು ದೊಡ್ಡ ಮನೆ. ಒಬ್ಬಳು ಅತ್ತೆ, ಒಬ್ಬಳು ಸೊಸೆ, ನಡುವೆ ವಿಪರೀತ ಯೋಚಿಸುವ ಮಗ. ಅತ್ತೆಯ ಸೊಂಟದಲ್ಲಿ ಉಗ್ರಾಣದ ಬೀಗದ ಕೈ. ದಿನಾ ಬೆಳಿಗ್ಗೆ ಅವಳೇ ಬಾಗಿಲು ತೆಗೆದು ಅವತ್ತಿಗೆ ಬೇಕಾದ ರಾಗಿ ಅಕ್ಕಿ ಅಳೆದು ಹೊರಗಿಡುತ್ತಾಳೆ. ಸೊಸೆ ಹೊಸಿಲು ದಾಟುವಂತಿಲ್ಲ. ಊರೆಲ್ಲ ಅತ್ತೆಯನ್ನು ಜಿಪುಣಿ ಎನ್ನುತ್ತದೆ. ಕೊನೆಗೆ ಹಾಸಿಗೆ ಹಿಡಿದ ಅತ್ತೆ ಸೊಸೆಯನ್ನು ಹತ್ತಿರ ಕರೆದು, ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು ಕಣ್ಣು ಮುಚ್ಚುತ್ತಾಳೆ. ಸೊಸೆ ಹೋಗಿ ಬಾಗಿಲು ತೆರೆದರೆ ಒಳಗೆ ಸಾಲಾಗಿ ಖಾಲಿ ಗುಡಾಣಗಳು. ಮೂಲೆಯಲ್ಲೊಂದು ಮೊರದಲ್ಲಿ ಒಂದು ಹೊತ್ತಿಗಾಗುವಷ್ಟು ರಾಗಿ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಇವರಲ್ಲದೆ ಜಗಲಿಯ ಮೇಲೆ ಕೂತಿರುವ ಒಬ್ಬ ದೂರದ ನೆಂಟನೂ ಇದ್ದಾನೆ. ಒಳಮನೆಯಲ್ಲಿ ಹೆಂಗಸರು ಆಡಿದ್ದನ್ನು ಕೇಳಿಸಿಕೊಂಡು ಹೊರಗೆ ಬಂದವರ ಮುಂದೆ ಗಂಭೀರವಾಗಿ ಆಡುತ್ತ, ಹೊತ್ತಿಗೆ ಸರಿಯಾಗಿ ಎಲೆ ಮುಂದೆ ಹಾಜರಾಗುತ್ತಾನೆ. ಪರೀಕ್ಷೆಯಲ್ಲಿ ಅವನ ಮೇಲೆ ಐದು ಅಂಕದ ಪ್ರಶ್ನೆ ಬರುವುದುಂಟು. ‘ಅದನ್ನ ಆಯ್ಕೆಯಲ್ಲಿ ಬಿಟ್ಬಿಡಿ, ಅಂಥಾ ಮುಖ್ಯ ಪಾತ್ರ ಅಲ್ಲ’ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಪುಸ್ತಕ ಸಿಕ್ಕಿದ್ದು ರಾಜಾಜಿನಗರದಲ್ಲಿ. ಬಾಡಿಗೆಗೆ ಪುಸ್ತಕ ಕೊಡುವ ಒಂದು ಅಂಗಡಿ ಮುಚ್ಚಿಹೋಗಿ, ಅದರ ಪುಸ್ತಕಗಳನ್ನೆಲ್ಲ ಫುಟ್‌ಪಾತಿನ ಮೇಲೆ ಗೋಣಿತಾಟು ಹಾಸಿ ಸುರಿದಿದ್ದರು. ಆಗ ನನಗೆ ಇಪ್ಪತ್ತೆಂಟು. ಕಾಲೇಜಿಗೆ ಸೇರಿ ವರ್ಷವೂ ಆಗಿರಲಿಲ್ಲ. ಈ ಕಾದಂಬರಿ ಪಠ್ಯವಾಗಿತ್ತು, ನಾನದನ್ನು ಓದಿರಲಿಲ್ಲ, ಮರುದಿನ ಪಾಠ. ಬೆನ್ನು ಕಿತ್ತುಹೋದ ಪ್ರತಿ; ಅದಕ್ಕೆ ಯಾರೋ ನೀಲಿ ಗೆರೆಯ ಮೂಟೆಬಟ್ಟೆಯ ಪಟ್ಟಿಯೊಂದನ್ನು ಅಂಟಿಸಿ ಹೊಸ ಬೆನ್ನು ಕೊಟ್ಟಿದ್ದರು. ಮನೆಗೆ ತಂದು ಬಿಚ್ಚಿದೆ, ಮೂರು ಸಲ ಸೀನಿದೆ. ಆಮೇಲೆ ನೋಡಿದರೆ ಪುಟದಂಚಿನಲ್ಲೆಲ್ಲ ಪೆನ್ಸಿಲ್ ಬರಹ. ದುಂಡು ದುಂಡು ಅಕ್ಷರ, ಶಾಲೆಯಲ್ಲಿ ಕಾಪಿ ಬರೆದು ತಿದ್ದಿದ ಕೈ.

ಸೊಸೆ ನಸುಕಿಗೆ ಮುಂಚೆ ಎದ್ದು ಸಂತೋಷದಿಂದ ಅಂಗಳ ಗುಡಿಸಿ ರಂಗೋಲಿ ಇಟ್ಟಳು ಎಂದು ಕಾದಂಬರಿಕಾರರು ಬರೆದ ಕಡೆ, ಅಂಚಿನಲ್ಲಿ: “ಸಂತೋಷದಿಂದಂತೆ! ಬರೆದ ಮಹಾನುಭಾವ ಅಷ್ಟೊತ್ತಿಗೆ ಎದ್ದಿದ್ದನೋ?”

ಮಗ ಅರಳಿಕಟ್ಟೆಯ ಮೇಲೆ ಕೂತು ಬಾಳಿನ ಅರ್ಥದ ಬಗ್ಗೆ ಒಂಬತ್ತು ಪುಟ ಚಿಂತಿಸುವ ಪ್ರಸಿದ್ಧ ಭಾಗದ ಮೊದಲಲ್ಲಿ ಒಂದೇ ಪದ: “ಬಿಟ್ಟೆ.” ಒಂಬತ್ತು ಪುಟವಾದ ಮೇಲೆ: “ಇಲ್ಲಿಂದ ಓದಿದೆ.”

ಇನ್ನು ಕೀಲಿಯ ಪ್ರಸಂಗದಲ್ಲಿ, ಪೆನ್ಸಿಲ್ ಒತ್ತಿ ಒತ್ತಿ ಬರೆದದ್ದು, ಹಿಂದಿನ ಪುಟಕ್ಕೂ ಅಚ್ಚು ಬಿದ್ದಿತ್ತು: “ಪ್ರೀತಿಯಿಂದ ಕೊಟ್ಟಿದ್ದಲ್ಲ. ಖಾಲಿಯಾದ ಮೇಲೆ ಕೊಟ್ಟಳು.”

ಅಲ್ಲಿಯವರೆಗೆ ನಾಡಿನ ವಿಮರ್ಶಕರೆಲ್ಲ ಆ ಪ್ರಸಂಗವನ್ನು ತಲೆಮಾರಿನಿಂದ ತಲೆಮಾರಿಗೆ ವಾತ್ಸಲ್ಯದ ಹಸ್ತಾಂತರ ಎಂದು ಕೊಂಡಾಡಿದ್ದರು. ನಾನೂ ಹಾಗೇ ಹೇಳಿಬಿಡುವವನಿದ್ದೆ. ಮರುದಿನ ತರಗತಿಯಲ್ಲಿ ನಿಂತಾಗ ಭಯಕ್ಕೆ ಓದಿದ್ದೆಲ್ಲ ಮರೆತು, ತಲೆಯಲ್ಲಿ ಉಳಿದಿದ್ದ ಒಂದೇ ಮಾತು ಹೊರಗೆ ಬಂತು. “ಕೀಲಿ ಪ್ರೀತಿಯಿಂದ ಕೊಟ್ಟಿದ್ದಲ್ಲ, ಖಾಲಿಯಾದ ಮೇಲೆ ಕೊಟ್ಟಿದ್ದು.” ಹಿಂದಿನ ಬೆಂಚಿನ ಹುಡುಗನೊಬ್ಬ ಬಾಯಿ ತೆರೆದು “ಸೂಪರ್ ಸಾರ್” ಎಂದ. ನನ್ನ ಅಧಃಪತನ ಶುರುವಾದದ್ದು ಆ ‘ಸೂಪರ್’ನಿಂದ.

ಆಮೇಲೆ ನಾನು ಆ ಅಂಚುಗಳನ್ನು ಬೀಸಿಕೊಂಡು ತಿಂದೆ ಎನ್ನಬೇಕು. ‘ಸಂತೋಷದಿಂದಂತೆ!’ ಎಂಬುದು ‘ಕಥನದ ಪುರುಷಕೇಂದ್ರಿತ ನೆಲೆಗಳು’ ಆಯಿತು. ‘ಬಿಟ್ಟೆ’ ಎಂಬ ಎರಡಕ್ಷರ ‘ತಾತ್ವಿಕತೆಯ ನಿರಾಕರಣೆ: ಒಂದು ಓದು’ ಎಂದು ಹನ್ನೆರಡು ಪುಟ ಉಬ್ಬಿತು. ರಾಗಿ ಮುದ್ದೆ ಕೂಡ ಬೇಯುವಾಗ ಇಷ್ಟು ಉಬ್ಬುವುದಿಲ್ಲ. ಕೀಲಿಯ ಮಾತಂತೂ ‘ಖಾಲಿ ಉಗ್ರಾಣದ ಬೀಗದ ಕೈ’ ಎಂಬ ದೊಡ್ಡ ಲೇಖನವಾಗಿ, ಅದನ್ನು ಮೆಚ್ಚಿದವರು, ಖಂಡಿಸಿದವರು, ಮೆಚ್ಚಿದವರನ್ನು ಖಂಡಿಸಿದವರು ಎಲ್ಲ ಸೇರಿ ನನ್ನನ್ನು ‘ಬೀಗದ ಕೈ ಮೇಷ್ಟ್ರು’ ಮಾಡಿದರು. ಜಗಲಿಯ ನೆಂಟನ ಬಗ್ಗೆ ಮಾತ್ರ ಅಂಚಿನಲ್ಲಿ ಏನೂ ಬರೆದಿರಲಿಲ್ಲ. ಆದ್ದರಿಂದ ಅವನ ಬಗ್ಗೆ ನನಗೂ ಏನೂ ಅನ್ನಿಸಿರಲಿಲ್ಲ. ಆಯ್ಕೆಯಲ್ಲಿ ಬಿಡಿ ಎನ್ನುತ್ತಿದ್ದುದು ಇದಕ್ಕೇ.

ಆತಂಕ ಆಗಲಿಲ್ಲವೇ ಎಂದು ಕೇಳಬೇಡಿ. ನನಗೆ ಆಗದೆ ಇನ್ನಾರಿಗೆ ಆಗಬೇಕು? ಮೊದಮೊದಲು ‘ಒಬ್ಬ ಅಜ್ಞಾತ ಓದುಗರು ಸೂಚಿಸಿದಂತೆ’ ಎಂದು ಅಡಿಟಿಪ್ಪಣಿ ಹಾಕುತ್ತಿದ್ದೆ. ಒಬ್ಬ ಸಂಪಾದಕರು ‘ಇದೇನು, ಅಜ್ಞಾತರನ್ನೆಲ್ಲ ಉಲ್ಲೇಖಿಸ್ತಾರಾ?’ ಎಂದು ಹೊಡೆದುಹಾಕಿದರು. ಹೊಡೆದದ್ದು ಅವರು, ಪಾಪವೂ ಅವರದೇ ಎಂದು ಸಮಾಧಾನ ಮಾಡಿಕೊಂಡೆ. ಆಮೇಲಿನ ಲೇಖನಗಳಲ್ಲಿ ಅವರಿಗೆ ಆ ಶ್ರಮವನ್ನೂ ಕೊಡಲಿಲ್ಲ. ಹೋದ ವರ್ಷ ನನ್ನ ಬಿಡಿ ಲೇಖನಗಳೆಲ್ಲ ಸೇರಿ ಒಂದು ಪುಸ್ತಕವಾಗುವುದೆಂದು ಗೊತ್ತಾಯಿತು. ಹೆಸರು, ಇನ್ನೇನು, ‘ಖಾಲಿ ಉಗ್ರಾಣದ ಬೀಗದ ಕೈ’. ಕರಡು ಬಂದು ಮೇಜಿನ ಮೇಲೆ ಕೂತಿತು. ಜೀವಮಾನದ ನನ್ನ ಒಂದೇ ಪುಸ್ತಕ. ಕಾಗುಣಿತ ತಿದ್ದಿ ಕಳಿಸಿದರೆ ಅಚ್ಚು.

ಆಗ ಬಂತು ರಂಗಸ್ವಾಮಿಯವರ ಫೋನು. ಅವರು ಬ್ಯಾಂಕಿನಿಂದ ನಿವೃತ್ತರಾಗಿ ಬಸವೇಶ್ವರನಗರದಲ್ಲಿ ತಿಂಗಳಿಗೊಮ್ಮೆ ಓದುಗರ ಕೂಟ ನಡೆಸುತ್ತಾರೆ.

“ಸಾರ್, ಈ ಸಲ ನಿಮ್ಮ ಬೀಗದ ಕೈ. ಜನ ಸೇರಿಸೋ ಜವಾಬ್ದಾರಿ ನಂದು. ಅಪಾರ್ಟ್‌ಮೆಂಟ್ನೋರು, ವಾಕಿಂಗ್ನೋರು, ನಾನು ಹಿಟ್ಟು ಬೀಸೋಕ್ ಕೊಡೋ ಮಿಲ್ಲಿನೋರು, ಎಲ್ಲರ್ಗೂ ಹೇಳ್ಬಿಟ್ಟಿದೀನಿ.”

ಮಿಲ್ಲು ಎಂದಾಗ ನನ್ನ ಮನಸ್ಸು ಎಚ್ಚರಗೊಳ್ಳಬೇಕಿತ್ತು. ಅದು ಎಚ್ಚರಗೊಳ್ಳುವ ಬದಲು ಬಾಲ್ಯಕ್ಕೆ ಹೋಯಿತು. ನಮ್ಮ ಚಿಕ್ಕಂದಿನಲ್ಲಿ ವಿಜಯನಗರದ ಮನೆಯಿಂದ ಗೋಧಿ ಡಬ್ಬ ಹೊತ್ತು ಮಿಲ್ಲಿಗೆ ಹೋಗುವುದು ಭಾನುವಾರದ ಕೆಲಸ. ಅಮ್ಮ ಡಬ್ಬವನ್ನು ತಲೆಯ ಮೇಲಿಡುವಾಗ ತಪ್ಪದೆ ಹೇಳುತ್ತಿದ್ದಳು: “ನಮ್ಮದಕ್ಕಿಂತ ಮುಂಚೆ ಏನು ಬೀಸಿದ್ರು ಅಂತ ನೋಡ್ಕೋ. ಗೋಧಿ ಆದ್ಮೇಲೆ ಗೋಧಿ ಹಾಕ್ಸು. ಮೆಣಸಿನಕಾಯಿ ಆದ್ಮೇಲೆ ಹಾಕ್ಸಿದ್ಯೋ, ಚಪಾತಿ ನಿಂಗೇ ತಿನ್ನಿಸ್ತೀನಿ.” ಮಿಲ್ಲಿನ ಕಲ್ಲು ಹಿಂದಿನವರ ಹಿಟ್ಟನ್ನು ಒಂದಿಷ್ಟು ಒಳಗೆ ಉಳಿಸಿಕೊಂಡು, ಮುಂದಿನವರ ಡಬ್ಬಕ್ಕೆ ಸೇರಿಸಿಬಿಡುತ್ತದೆ. ಆದ್ದರಿಂದ ಅಲ್ಲಿ ಸರದಿಯೆಂದರೆ ಸುಮ್ಮನೆ ಸರದಿಯಲ್ಲ. ‘ಆಂಟಿ, ನೀವು ಕಡ್ಲೆ ಹಿಟ್ಟಾ? ಹಂಗಾದ್ರೆ ನಾನು ಇವರ ಹಿಂದೆ’ ಎಂದು ನಾನು ಡಬ್ಬ ಎಳೆದುಕೊಂಡು ಜಾಗ ಬದಲಿಸುತ್ತಿದ್ದೆ. ಮನೆಗೆ ಬರುವಾಗ ರೆಪ್ಪೆ, ಕಿವಿ, ಚಡ್ಡಿ ಜೇಬು ಎಲ್ಲ ಬಿಳಿ. ಒಮ್ಮೆ ದಾರಿಯಲ್ಲಿ ಸಿಕ್ಕ ನಮ್ಮ ಹೆಡ್‌ಮೇಷ್ಟ್ರಿಗೆ ನಮಸ್ಕಾರ ಮಾಡಿದರೆ ಅವರು ಬೆಚ್ಚಿ ಹಿಂದಕ್ಕೆ ಸರಿದಿದ್ದರು. ಇಷ್ಟೆಲ್ಲ ಗೊತ್ತಿದ್ದವನಿಗೆ ಪುಸ್ತಕದ ಹಿಟ್ಟು ಎಲ್ಲಿಯದೆಂದು ಹೊಳೆಯಲಿಲ್ಲ, ನೋಡಿ.

ಭಾನುವಾರ ಸಂಜೆ ಬಸವೇಶ್ವರನಗರದ ಒಂದು ಮಹಡಿಯ ಹಾಲ್. ಮೂವತ್ತು ಕುರ್ಚಿ, ಇಪ್ಪತ್ತೆರಡು ಜನ. ನನ್ನ ಅಭ್ಯಾಸದಂತೆ ಆ ಹಳೆಯ ಪ್ರತಿಯನ್ನೇ ಒಯ್ದಿದ್ದೆ. ಮಾತಿನ ನಡುವೆ ಅದನ್ನೆತ್ತಿ ಹಿಡಿದರೆ ಘನತೆ ಬರುತ್ತದೆ. ಎರಡನೆಯ ಸಾಲಿನಲ್ಲಿ ಕಾಟನ್ ಸೀರೆಯ, ಅರವತ್ತೈದು ದಾಟಿದ ಹೆಂಗಸೊಬ್ಬರು ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಕೂತಿದ್ದರು. ನಾನು ಮಾತು ಶುರು ಮಾಡಿದಾಗಿನಿಂದ ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ಕೈ ಎಡಕ್ಕೆ ಹೋದರೆ ಅವರ ಕಣ್ಣು ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಅಂಗಿಯ ತೋಳು ಹರಿದಿದೆಯೇ ಎಂದು ಒಮ್ಮೆ ನೋಡಿಕೊಂಡೆ. ವಾಚು ತಲೆಕೆಳಗಾಗಿದೆಯೇ ಎಂದು ನೋಡಿಕೊಂಡೆ. ಕೊನೆಗೆ ಗೊತ್ತಾಯಿತು: ಅವರು ನೋಡುತ್ತಿದ್ದುದು ಪುಸ್ತಕದ ಬೆನ್ನಿನ ನೀಲಿ ಗೆರೆಯ ಬಟ್ಟೆಯನ್ನು.

ಮಾತು ಮುಗಿಯಿತು. ಚಪ್ಪಾಳೆ. ರಂಗಸ್ವಾಮಿ “ಪ್ರಶ್ನೆ ಇದ್ರೆ ಕೇಳಬಹುದು, ಚಿಕ್ಕದಾಗಿ” ಎಂದರು. ಆ ಹೆಂಗಸು ಎದ್ದು ನಿಂತರು.

“ಇವರು ಚಿಕ್ಕತಾಯಮ್ಮ ಅಂತ, ಗೋವಿಂದರಾಜನಗರದಲ್ಲಿ ಇವರದ್ದೇ ಮಿಲ್ಲು,” ಎಂದು ರಂಗಸ್ವಾಮಿ ಪರಿಚಯಿಸಿದರು.

“ಸಾರ್, ಅತ್ತೆ ಖಾಲಿಯಾದ್ಮೇಲೆ ಕೊಟ್ಲು ಅಂದ್ರಲ್ಲ,” ಎಂದರು ಚಿಕ್ಕತಾಯಮ್ಮ. “ಅದು ತಪ್ಪು ಅನ್ಸುತ್ತೆ ಸಾರ್.”

ವಿಮರ್ಶಕನಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಬೇಕೆ? ನಾನು ಮುಗುಳ್ನಕ್ಕು, “ಪಠ್ಯ ಹಾಗೇ ಹೇಳುತ್ತಲ್ಲಮ್ಮ, ಒಳಗೆ ಗುಡಾಣ ಖಾಲಿ ಇತ್ತು” ಎಂದೆ.

“ಖಾಲಿ ಇತ್ತು, ಸರಿ. ಯಾವತ್ತಿಂದ ಖಾಲಿ?”

ಇಪ್ಪತ್ನಾಲ್ಕು ವರ್ಷದಲ್ಲಿ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಹೇಗೆ ಬರಬೇಕು? ಅಂಚಿನಲ್ಲಿ ಇರಲಿಲ್ಲ.

“ಅವಳು ಸಾಯೋ ಹಿಂದಿನ ದಿನ ಖಾಲಿ ಆಯ್ತಾ? ಒಂದೇ ದಿನಕ್ಕೆ ಅಷ್ಟು ಗುಡಾಣ ಖಾಲಿ ಆಗುತ್ತಾ ಸಾರ್? ವರ್ಷಗಟ್ಟಲೆಯಿಂದ ಖಾಲಿ ಆಗ್ತಾ ಬಂದಿತ್ತು. ಅದಕ್ಕೇ ಬೀಗ. ಸೊಸೆ ಒಳಗೆ ಬಂದ್ರೆ ಗೊತ್ತಾಗೋಗುತ್ತೆ, ಮಗನಿಗೆ ಗೊತ್ತಾಗುತ್ತೆ, ಊರಿಗೆ ಗೊತ್ತಾಗುತ್ತೆ. ಜಿಪುಣಿ ಅನ್ನಲಿ, ಬಾಯಿಗೆ ಬಂದಿದ್ದು ಅನ್ನಲಿ, ಮನೇಲಿ ಏನೂ ಇಲ್ಲ ಅಂತ ಮಾತ್ರ ಯಾರಿಗೂ ತಿಳೀಬಾರದು ಅಂತ ಸೊಂಟದಲ್ಲಿ ಇಟ್ಕೊಂಡಿದ್ಲು. ಕೊಡದೇ ಇದ್ದಿದ್ದೇ ಪ್ರೀತಿ ಸಾರ್. ಕೊಟ್ಟಿದ್ದು ಇನ್ನು ಹೊರೋಕಾಗಲ್ಲ ಅಂತ.”

ಯಾರೋ ಹಿಂದಿನಿಂದ “ಕರೆಕ್ಟ್ ಅಲ್ವಾ?” ಎಂದು ಪಕ್ಕದವರನ್ನು ಕೇಳಿದರು. ಮೇಜಿನ ಮೇಲಿನ ಕರಡು ಕಣ್ಣ ಮುಂದೆ ಬಂತು. ಶೀರ್ಷಿಕೆ, ಮುನ್ನುಡಿ, ನೂರೆಂಬತ್ತು ಪುಟ. ನಾನು ಹೋರಾಡಲೇಬೇಕಿತ್ತು.

“ಆದರೆ ಅಮ್ಮ, ಸೊಸೆಯ ಕಡೆಯಿಂದ ನೋಡಿ. ಎಷ್ಟು ವರ್ಷ ಆ ಹೊಸಿಲಲ್ಲಿ ನಿಂತು ಮೊರ ಒಡ್ಡಿದ್ದಾಳೆ! ಆ ಅವಮಾನ?”

“ಅವಮಾನನೇ. ಇಲ್ಲ ಅಂದ್ನಾ?” ಎಂದರು ಚಿಕ್ಕತಾಯಮ್ಮ. ಈಗ ಮೊದಲ ಸಲ ನನ್ನ ಮುಖ ನೋಡಿದರು. ಅವರ ಕಣ್ಣಿನಲ್ಲಿ ನಗೆಯಂಥದು ಏನೋ ಇತ್ತು. “ಆ ಮಾತು ಯಾರೇ ಮೊದಲು ಅಂದಿರ್ಲಿ ಸಾರ್, ಅಂದೋಳು ಆವತ್ತು ಅತ್ತೆ ಮೇಲೆ ತುಂಬಾ ಕೋಪದಲ್ಲಿದ್ಲು ಅಂತ ಕಾಣುತ್ತೆ.”

ಅಂದೋಳು! ನಾನು ‘ಅಂದವನು’. ಸಭೆಯಲ್ಲಿ ಬೇರೆ ಯಾರಿಗೂ ಅದು ಗಮನಕ್ಕೆ ಬರಲಿಲ್ಲ. ನಾನು ಮಾತ್ರ ಪುಸ್ತಕವನ್ನು ಪಟ್ಟನೆ ಮುಚ್ಚಿದೆ, ಒಳಗಿನಿಂದ ಒಂದಿಷ್ಟು ಹಿಟ್ಟು ಉದುರಿತು. ನಾನು ಮೈಕಿಗೆ ಮೂರು ಸಲ ಸೀನಿದೆ. ರಂಗಸ್ವಾಮಿಯವರು ಅದನ್ನೇ ಮುಕ್ತಾಯವೆಂದು ಭಾವಿಸಿ ವಂದನಾರ್ಪಣೆ ಮಾಡಿಬಿಟ್ಟರು. ಪುಣ್ಯಾತ್ಮ.

ಕಾಫಿಯ ಹೊತ್ತಿಗೆ ತಪ್ಪಿಸಿಕೊಂಡು ಮೆಟ್ಟಿಲಿಳಿಯುವ ಯೋಚನೆಯಲ್ಲಿದ್ದೆ. ಬೈಕಿನ ಕೀ ಸಿಗಲಿಲ್ಲ. ಆತಂಕದಲ್ಲಿ ನಾನೇ ಎರಡು ಜೇಬು ಬದಲಿಸಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಚಿಕ್ಕತಾಯಮ್ಮ ಮುಂದೆ ನಿಂತು ಕೈ ಚಾಚಿದರು. ಪುಸ್ತಕ ಕೊಟ್ಟೆ. ಅವರು ಬೆನ್ನು ಸವರಿದರು, ಮೂಸಿದರು.

“ಮೈದಾ ಅಂಟು. ನಾನೇ ಅಂಟಿಸಿದ್ದು. ಈ ಬಟ್ಟೆ ನಮ್ಮ ಮಿಲ್ಲಿನ ಮೂಟೆದು. ಬೆನ್ನು ಕಿತ್ತು ವಾಪಸ್ ಕೊಟ್ರೆ ಅಂಗಡಿಯೋರು ಬೈತಾರೆ ಅಂತ. ನಲವತ್ತು ವರ್ಷದ ಮೇಲಾಯ್ತು ಸಾರ್. ಮದುವೆ ಆಗಿ ಬಂದ ಹೊಸದು. ಅತ್ತೆ ಗಲ್ಲಾದ ಹತ್ರ ಕೂರಕ್ಕೆ ಬಿಡ್ತಿರ್ಲಿಲ್ಲ, ಕಲ್ಲಿನ ಹತ್ರ ನಿಲ್ಲಿಸೋರು. ಒಂದು ಡಬ್ಬ ಬೀಸೋದ್ರೊಳಗೆ ಎರಡು ಪುಟ ಓದೋಳು ನಾನು.”

“ಅಮ್ಮ, ನಾನು…” ಎಂದೆ. ಇಪ್ಪತ್ನಾಲ್ಕು ವರ್ಷ ಸಾವಿರಾರು ಮಕ್ಕಳ ಮುಂದೆ ನೀರಿನಂತೆ ಮಾತಾಡಿದ ಬಾಯಿ. “ನಾನು ನಿಮ್ಮದನ್ನ ಸ್ವಲ್ಪ ಬಳಸಿಕೊಂಡಿದ್ದೀನಿ.”

“ಗೊತ್ತಾಯ್ತು ಸಾರ್, ಕೇಳ್ತಾ ಇದ್ನಲ್ಲ. ಮಿಲ್ಲಲ್ಲಿ ಹಿಂದಿನೋರ ಹಿಟ್ಟು ಸ್ವಲ್ಪ ಬಂದೇ ಬರುತ್ತೆ. ಅದಕ್ಕೆ ಯಾರೂ ಜಗಳಕ್ಕೆ ಬರಲ್ಲ.” ಅವರು ಪುಟ ತಿರುಗಿಸುತ್ತಲೇ ಇದ್ದರು. “ಆದ್ರೆ ಡಬ್ಬ ಪೂರ್ತಿ ಹಿಂದಿನೋರದ್ದೇ ಆದ್ರೆ, ನೀವು ತಂದಿದ್ದೇನು ಅಂತ ಕೇಳ್ತಾರೆ.”

ನಾನು, ಒಳ್ಳೆಯವನಾಗುವ ಹುರುಪಿನಲ್ಲಿ, ಪುಸ್ತಕ ಅಚ್ಚಾಗುತ್ತಿರುವ ವಿಷಯ ಹೇಳಿ, ಮೊದಲ ಪುಟದಲ್ಲೇ ಅವರ ಹೆಸರು ಹಾಕುತ್ತೇನೆ, ಕೀಲಿಯ ಮಾತು ಅವರದೆಂದು ದಪ್ಪಕ್ಷರದಲ್ಲಿ ಬರೆಯುತ್ತೇನೆ ಎಂದೆ. ಅವರು ಕೃತಜ್ಞರಾಗುತ್ತಾರೆ ಎಂದುಕೊಂಡಿದ್ದೆ. ಗಾಬರಿಯಾದರು.

“ಅಯ್ಯಯ್ಯೋ, ಬೇಡ! ನಮ್ಮನೇಲಿ ಈಗ ಸೊಸೆ ಇದಾಳೆ ಸಾರ್. ಎಂ.ಎ. ಮಾಡಿದಾಳೆ, ಎಲ್ಲಾ ಓದ್ತಾಳೆ. ‘ನೋಡಿ ಅತ್ತೆ, ಅತ್ತೇರ ವಿಷಯ ನೀವೇ ಬರ್ದಿದೀರಲ್ಲ’ ಅಂತ ದಿನಾ ಬೆಳಿಗ್ಗೆ ಕಾಫಿ ಜೊತೆ ಓದಿ ಹೇಳ್ತಾಳೆ. ಮಿಲ್ಲಿನ ಕೀ ಇನ್ನೂ ನನ್ನ ಹತ್ರನೇ ಇದೆ!”

“ಹಾಗಾದರೆ ಇವತ್ತು ಹೇಳಿದ ಹೊಸ ಮಾತಿಗೆ ಹೆಸರು ಹಾಕಲಾ? ಕೊಡದೇ ಇದ್ದದ್ದೇ ಪ್ರೀತಿ ಅಂದದ್ದಕ್ಕೆ?”

“ಅದಂತೂ ಬೇಡ್ವೇ ಬೇಡ. ಕೀ ಕೊಡದೇ ಇರೋಕೆ ಅತ್ತೆ ಸಬೂಬು ಹುಡುಕಿದಾಳೆ ಅಂತಾಳೆ.”

“ಒಳಗಡೆ… ಖಾಲಿ ಏನಿಲ್ಲವಲ್ಲ?” ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಕಾಫಿ ಲೋಟ ಕೆಳಗಿಟ್ಟರು. “ಮೊದಲಿನ ಥರ ಯಾರು ಬೀಸಿಸ್ತಾರೆ ಸಾರ್? ಪ್ಯಾಕೆಟ್ ಹಿಟ್ಟು. ಸೊಸೆ ಒಳ್ಳೇವಳು, ತಗೊಂಡ್ರೆ ಚೆನ್ನಾಗಿ ನಡೆಸ್ತೀನಿ ಅಂತಿದಾಳೆ. ಅವಳಿಗೆ ತಿಳಿದಿರೋ ಮಿಲ್ಲು ಬೇರೆ, ಇರೋ ಮಿಲ್ಲು ಬೇರೆ.” ಆಮೇಲೆ ತಟ್ಟನೆ ನಕ್ಕರು. “ಕೆಲವು ಹೆಂಗಸರು ಡಬ್ಬದ ಮೇಲೆ ಬಟ್ಟೆ ಮುಚ್ಕೊಂಡು ಬರ್ತಿದ್ರು, ನೋಡಿದೀರಾ? ಹುಳ ಬೀಳುತ್ತೆ ಅಂತ ಅನ್ನೋರು. ತೆಗೆದ್ರೆ ತಳದಲ್ಲಿ ಒಂದು ಪಾವು ರಾಗಿ. ದೊಡ್ಡ ಡಬ್ಬದಲ್ಲೇ ತರೋರು, ಚಿಕ್ಕದರಲ್ಲಿ ತಂದ್ರೆ ಸಾಲಲ್ಲಿದ್ದೋರಿಗೆ ತಿಳೀತದಲ್ಲ. ಹೊಸ ಸೊಸೆ ಆಗಿದ್ದಾಗ ನಾನು ಅದನ್ನ ನೋಡಿ ನಗ್ತಿದ್ದೆ. ಈಗ ಅದೇ ಕಾದಂಬರಿ ನೆನೆಸ್ಕೊಂಡ್ರೆ, ಅತ್ತೆ ಸೊಂಟದಲ್ಲಿದ್ದಿದ್ದು ಕೀ ಅಲ್ಲ ಸಾರ್, ಆ ಬಟ್ಟೆ.”

ಹೊರಡುವಾಗ ಪುಸ್ತಕವನ್ನು ಎಂಟು ದಿನಕ್ಕೆ ಕೇಳಿದರು. ಅವರದ್ದೇ ಬರಹ, ನಾನು ಕೊಡುವುದೇನು ಬಂತು. ಕೊಟ್ಟೆ.

ಆ ಎಂಟು ದಿನ ನಾನು ಸೀನಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ಕರಡು ಮೇಜಿನ ಮೇಲೆ ಹಾಗೇ. ಹಳೆಯ ಮಾತನ್ನು ಅಚ್ಚು ಹಾಕೋಣವೆಂದರೆ, ಆಡಿದವರೇ ಅದನ್ನು ಬಿಟ್ಟಾಯಿತು. ಹೊಸದನ್ನು ಹಾಕೋಣವೆಂದರೆ, ಅದೂ ನನ್ನದಲ್ಲ. ಹೆಸರು ಹೇಳಿ ಹಾಕೋಣವೆಂದರೆ ಅಪ್ಪಣೆಯಿಲ್ಲ; ಹೇಳದೆ ಹಾಕೋಣವೆಂದರೆ, ಡಬ್ಬದ ಮಾತು ನೆನಪಾಗುತ್ತದೆ. ಅವರು ರಂಗಸ್ವಾಮಿಗೆ ಹೇಳಿಬಿಟ್ಟರೆ? ರಂಗಸ್ವಾಮಿ ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಟ್ಟರೆ? ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಆಗಲೇ ಮೇಷ್ಟ್ರಾದವರು ಎಷ್ಟೋ ಜನ. ಅವರು ತಮ್ಮ ಮಕ್ಕಳಿಗೆ ‘ಖಾಲಿಯಾದ ಮೇಲೆ ಕೊಟ್ಟಳು’ ಎಂದೇ ಬರೆಸುತ್ತಿದ್ದಾರೆ. ಒಬ್ಬ ಹೊಸ ಸೊಸೆಯ ಒಂದು ಮಧ್ಯಾಹ್ನದ ಸಿಟ್ಟು ಮಾಗಡಿ ರಸ್ತೆಯ ಉದ್ದಕ್ಕೂ ಉತ್ತರಪತ್ರಿಕೆಗಳಲ್ಲಿ ಹರಡಿದೆ! ಶಾರದೆಗೆ ಎಲ್ಲ ಹೇಳಿಕೊಂಡೆ. ಅವಳು ಸಹಾನುಭೂತಿ ತೋರಿಸುತ್ತಾಳೆ ಎಂದು ಯಾರು ಹೇಳಿದರು?

“ನಾನು ರಾಗಿ ಹಿಟ್ಟು ಅಂದಾಗ ಕೇಳಿದ್ರಾ? ಆವತ್ತೇ ಕೇಳಿದ್ರೆ ಮಿಲ್ಲು ಹುಡುಕಬಹುದಿತ್ತು.”

“ಬೆಂಗಳೂರಲ್ಲಿ ಎಷ್ಟು ಮಿಲ್ಲಿದೆ, ಗೊತ್ತಾ?”

“ತರಿ ತರಿಯಾಗಿ ಬೀಸೋದು ಕೆಲವರೇ ರೀ. ಕಲ್ಲಿನ ಹತ್ರ ನಿಂತೋರು ಪುಸ್ತಕ ಓದ್ತಿದ್ರೆ ಇನ್ನೇನಾಗುತ್ತೆ?”

ಎಂಟನೆಯ ದಿನ ಬರಿಗೈಲಿ ಹೋಗಲು ನಾಚಿಕೆಯಾಗಿ, ಐದು ಕೆಜಿ ಗೋಧಿ ತುಂಬಿಕೊಂಡು ಗೋವಿಂದರಾಜನಗರಕ್ಕೆ ಹೊರಟೆ. ಬಾಗಿಲಲ್ಲಿ ಶಾರದೆ, ನನ್ನ ಅಮ್ಮನ ಧ್ವನಿಯಲ್ಲೇ, “ಮುಂಚೆ ಏನು ಬೀಸಿದ್ರು ನೋಡ್ಕೊಳ್ಳಿ” ಎಂದಳು. ಈ ಸಲ ಗ್ಯಾಸ್ ನೋಡಲು ವಾಪಸು ಬರಲಿಲ್ಲ. ಅದಕ್ಕಿಂತ ದೊಡ್ಡ ಆತಂಕ ಇದ್ದರೆ ಸಣ್ಣವು ದಾರಿ ಬಿಡುತ್ತವೆ ಎಂದು ಅವತ್ತು ತಿಳಿಯಿತು.

ಮಿಲ್ಲು ಎರಡು ಅಂಗಡಿಗಳ ನಡುವೆ ಇಕ್ಕಟ್ಟಾಗಿ ನಿಂತಿತ್ತು. ಒಳಗೆ ಅದೇ ಘಮ, ಅದೇ ಬಿಳಿ ಜೇಡರ ಬಲೆ. ಗಲ್ಲಾದ ಹತ್ತಿರ ಕೂತಿದ್ದ ಯುವತಿ ಎದ್ದು “ಬನ್ನಿ ಸಾರ್, ಬೀಗದ ಕೈ ಸಾರ್ ಅಲ್ವಾ? ನಿಮ್ಮ ಲೇಖನ ನಮಗೆ ಎಂ.ಎ.ನಲ್ಲಿತ್ತು” ಎಂದಳು. ಸೊಸೆ! “ತುಂಬಾ ಇಷ್ಟ ಸಾರ್ ನಂಗೆ. ಅತ್ತೇರನ್ನ ಅಷ್ಟು ಸರಿಯಾಗಿ ಅರ್ಥ ಮಾಡ್ಕೊಂಡಿರೋ ಗಂಡಸರನ್ನ ನಾನು ನೋಡೇ ಇಲ್ಲ.”

ಕಲ್ಲಿನ ಪಕ್ಕ ನಿಂತಿದ್ದ ಚಿಕ್ಕತಾಯಮ್ಮ ನನ್ನ ಕಡೆ ನೋಡಿ ಹುಬ್ಬೇರಿಸಿದರು. ಅವರ ಸೊಂಟದಲ್ಲಿ ಕೀಗೊಂಚಲು ಇರಲಿಲ್ಲ. ಅದು ಗಲ್ಲಾದ ಮೇಲೆ, ಸೊಸೆಯ ಕೈಯಳತೆಯಲ್ಲಿ ಬಿದ್ದಿತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

“ಮೊನ್ನೆ ಸೋಮವಾರ ಕೊಟ್ಟೆ,” ಎಂದರು, ನನ್ನ ಡಬ್ಬ ತೆಗೆದುಕೊಳ್ಳುತ್ತ. ದನಿ ನನಗಷ್ಟೇ ಕೇಳುವಂತೆ. “ಒಳಗೆ ಏನಿದೆ, ಏನಿಲ್ಲ, ಎಲ್ಲ ತೋರಿಸಿ ಕೊಟ್ಟೆ. ಖಾಲಿ ಆಗೋವರೆಗೂ ಕಾಯ್ಲಿಲ್ಲ.”

ಗೋಧಿಯನ್ನು ಸುರಿದು, ಪುಸ್ತಕವನ್ನು ನನ್ನ ಕೈಗಿತ್ತು, ಗುಂಡಿ ಒತ್ತಿದರು. ಮಿಲ್ಲು ಗರಗರನೆ ಶುರುವಾಯಿತು. ಇನ್ನು ಮಾತು ಸಾಧ್ಯವಿಲ್ಲ. ನಾನು ಬೆಂಚಿನ ಮೇಲೆ ಕೂತು ತೆರೆದೆ, ಸೀನಿದೆ, ಓದಿದೆ. ಹಳೆಯ ಪೆನ್ಸಿಲ್ಲಿನ ಕೆಳಗೆ ಹೊಸದಾಗಿ ನೀಲಿ ಬಾಲ್‌ಪೆನ್ನಿನ ಬರಹ. ಅಕ್ಷರಗಳು ದುಂಡಗೇ ಇದ್ದರೂ ಈಗ ಸ್ವಲ್ಪ ನಡುಗುತ್ತವೆ.

ರಂಗೋಲಿಯ ಬಳಿ: “ನನ್ನ ಸೊಸೆ ಏಳು ಗಂಟೆಗೆ ಏಳುತ್ತಾಳೆ. ಸಂತೋಷದಿಂದ.”

ಒಂಬತ್ತು ಪುಟದ ಚಿಂತನೆಯ ಬಳಿ, ‘ಬಿಟ್ಟೆ’ ಎಂಬುದರ ಕೆಳಗೆ: “ಈ ಸಲ ಓದಿದೆ. ಆಗ ಬಿಟ್ಟಿದ್ದೇ ಸರಿ.”

ಕೀಲಿಯ ಬಳಿ ಹಳೆಯದನ್ನು ಅಳಿಸಿರಲಿಲ್ಲ. ಅದರ ಪಕ್ಕದಲ್ಲಿ ಇಷ್ಟೇ: “ಇದನ್ನು ಬರೆದ ಹುಡುಗಿಯದೂ ತಪ್ಪಿಲ್ಲ.”

ನನ್ನ ಪುಸ್ತಕದ ಹಣೆಬರಹ ಅಲ್ಲೇ ತೀರ್ಮಾನವಾಯಿತು. ಆ ಲೇಖನವನ್ನು ತೆಗೆದುಹಾಕಿದೆ. ಅದರ ಜೊತೆ ಹೆಸರೂ ಹೋಯಿತು, ಇನ್ನೆರಡು ಲೇಖನಗಳೂ ಹೋದವು. ಉಳಿದದ್ದು ತೊಂಬತ್ತೆರಡು ಪುಟ. ತೆಳ್ಳಗಿದೆ, ಆದರೆ ಬಟ್ಟೆ ಮುಚ್ಚಿಕೊಂಡು ತರಬೇಕಾಗಿಲ್ಲ. ಇದನ್ನೆಲ್ಲ ಈಗ ಇಲ್ಲಿ ಬರೆಯುತ್ತಿರುವುದೂ ಅವರ ಅಪ್ಪಣೆಯಿಂದಲೇ. ಹೆಸರು ಬದಲಿಸಿದ್ದೇನೆ, ಬೀದಿಯನ್ನೂ ಬದಲಿಸಿದ್ದೇನೆ. ಸೊಸೆ ಓದಿದರೆ ಓದಲಿ, ಕೀ ಕೊಟ್ಟಾಯಿತಲ್ಲ ಎಂದರು.

ಆದರೆ ಅವತ್ತು ಆ ಬೆಂಚಿನ ಮೇಲೆ ಇನ್ನೊಂದು ಪುಟ ಬಾಕಿ ಇತ್ತು. ಹಿಂದಕ್ಕೆ ತಿರುಗಿಸುತ್ತ ಹೋದಾಗ ಜಗಲಿಯ ನೆಂಟನ ಪ್ರಸಂಗ ಸಿಕ್ಕಿತು. ನಲವತ್ತು ವರ್ಷ ಖಾಲಿಯಿದ್ದ ಆ ಅಂಚಿನಲ್ಲಿ ಈಗ ನೀಲಿ ಅಕ್ಷರ.

“ಇವನು ಎಂಥವನು ಅಂತ ಆಗ ತಿಳಿದಿರಲಿಲ್ಲ. ಈಗ ಗುರುತು ಸಿಕ್ಕಿತು. ಕೆಟ್ಟವನಲ್ಲ. ಕಾಫಿ ಕೊಟ್ಟು ಕಳಿಸಬಹುದು.”

ಮಿಲ್ಲು ನಿಂತಿತು. ತಲೆಯೆತ್ತಿದರೆ ಚಿಕ್ಕತಾಯಮ್ಮ ಹಿಟ್ಟಿನ ಕೈಯಲ್ಲಿ ಸ್ಟೀಲ್ ಲೋಟ ಹಿಡಿದು ನಿಂತಿದ್ದರು.

“ಸಕ್ಕರೆ ಸಾಕಾ ನೋಡಿ ಸಾರ್.”

ಒಂದು ಗುಟುಕು ಕುಡಿದೆ. “ಸಾಕು” ಎಂದೆ. ಆ ಕಾದಂಬರಿಯ ವಿಷಯದಲ್ಲಿ ಇಷ್ಟು ವರ್ಷಗಳಲ್ಲಿ ನಾನು ಸ್ವಂತವಾಗಿ ಆಡಿದ ಮಾತು ಅದೊಂದೇ.